ಪ್ರೆಸಿಡೆಂಟ್: ಪೂರ್ವನಿದರ್ಶನವೋ, ಮೇಲ್ಪಂಕ್ತಿಯೋ?

ಕೋರ್ಟಿನ ಸುದ್ದಿಯನ್ನು ಕನ್ನಡದಲ್ಲಿ ಬರೆಯುವಾಗ ‘ಪ್ರೆಸಿಡೆಂಟ್’ ಎಂಬ ಪದ ಪದೇ ಪದೇ ಎದುರಾಗುತ್ತದೆ. ಅಧ್ಯಕ್ಷ ಎಂಬ ಅರ್ಥದ್ದಲ್ಲ. ವಕೀಲರು ‘ಇದಕ್ಕೆ ಪ್ರೆಸಿಡೆಂಟ್ ಇದೆ’ ಅನ್ನುತ್ತಾರಲ್ಲ, ಅದು (precedent): ಮುಂದಿನ ಪ್ರಕರಣಗಳಲ್ಲಿ ಅನುಸರಿಸಬೇಕಾದ ಹಿಂದಿನ ತೀರ್ಪು. ಇದಕ್ಕೆ ಸುಮ್ನೆ ‘ಉದಾಹರಣೆ’ ಎಂದು ಬರೆದುಬಿಟ್ಟರೆ ಸಾಲದು ಅನ್ನಿಸುತ್ತದೆ.

ಉದಾಹರಣೆಯನ್ನು ಒಪ್ಪಬಹುದು, ಬಿಡಬಹುದು. ಪ್ರೆಸಿಡೆಂಟ್‌ಗೆ ಕಟ್ಟಿಹಾಕುವ ಬಲ ಇದೆ. ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ದೇಶದ ಉಳಿದೆಲ್ಲ ಕೋರ್ಟುಗಳೂ ಬದ್ಧ ಎಂದು ಸಂವಿಧಾನದ 141ನೇ ವಿಧಿಯೇ ಹೇಳುತ್ತದೆ. ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣವನ್ನೇ ನೋಡಿ. ಅವರು ಮುಖ್ಯಮಂತ್ರಿಯಾಗಿದ್ದಾಗ, 1989ರಲ್ಲಿ, ಬಹುಮತ ಇಲ್ಲವೆಂದು ಅವರ ಸರ್ಕಾರವನ್ನು ಕೇಂದ್ರ ವಜಾ ಮಾಡಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನವಾಗಬೇಕು ಎಂದಿತು. ಬೊಮ್ಮಾಯಿ ಅವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಆದರೆ ಆಮೇಲೆ ಬೇರೆ ಬೇರೆ ರಾಜ್ಯಗಳ ಬಹುಮತದ ಜಗಳ ಕೋರ್ಟಿಗೆ ಹೋದಾಗ ಆ ತೀರ್ಪನ್ನು ಮುಂದಿಟ್ಟೇ ವಾದ ನಡೆದಿದೆ. ಹೀಗೆ ಮುಂದಿನವರ ಕೈ ಹಿಡಿದು ನಡೆಸುವ ಹಿಂದಿನ ತೀರ್ಪು ಬರೀ ಉದಾಹರಣೆ ಹೇಗಾದೀತು?

ಈ ಬಲ ಶಾಶ್ವತವೇನೂ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವಂತಿಲ್ಲ ಎಂದಿದ್ದ, 1976ರ ಎಡಿಎಂ ಜಬಲ್ಪುರ ತೀರ್ಪನ್ನು 2017ರಲ್ಲಿ, ಖಾಸಗಿತನದ ಹಕ್ಕಿನ ಪುಟ್ಟಸ್ವಾಮಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟೇ ತಳ್ಳಿಹಾಕಿತು.

ಹಾಗಾಗಿ ಕೋರ್ಟಿನ ಮಟ್ಟಿಗೆ ‘ಪೂರ್ವನಿದರ್ಶನ’ ಇರಲಿ. ಕಚೇರಿ ಆದೇಶಗಳಲ್ಲೂ ಅದು ಬಳಕೆಯಲ್ಲಿದೆ. ಯಾರಿಗಾದರೂ ವಿಶೇಷ ರಿಯಾಯಿತಿ ಕೊಟ್ಟಾಗ ‘ಇದನ್ನು ಪೂರ್ವನಿದರ್ಶನವೆಂದು ಪರಿಗಣಿಸತಕ್ಕದ್ದಲ್ಲ’ ಎಂಬ ಸಾಲು ಕೊನೆಗೆ ಬರುತ್ತದೆ. ನಾಳೆ ಇನ್ನೊಬ್ಬರು ಇದನ್ನೇ ತೋರಿಸಿ ಕೇಳಬಾರದು ಅಂತ.

‘ಮೇಲ್ಪಂಕ್ತಿ’ ನನಗೆ ತುಂಬಾ ಇಷ್ಟದ ಪದ. ಮಕ್ಕಳು ನೋಡಿ ಬರೆಯಲಿ ಎಂದು ಮೇಲೆ ಹಾಕಿಕೊಡುವ ಸಾಲು ಅದು. ಅನುಸರಿಸಬೇಕು ಎಂಬ ಭಾವ ಅದರಲ್ಲೇ ಇದೆ. ಆದರೆ ಬಳಕೆಯಲ್ಲಿ ಅದಕ್ಕೆ ಒಳ್ಳೆಯ ನಡತೆಯ ಅರ್ಥ ಅಂಟಿಕೊಂಡಿದೆ. ‘ಕೆಟ್ಟ ಮೇಲ್ಪಂಕ್ತಿ’ ಎಂದು ಓದಿದಾಗ ಕಿವಿಗೆ ಸ್ವಲ್ಪ ತೊಡಕು, ಅಲ್ವಾ? ಅಲ್ಲಿ ನಾನಾದರೆ ‘ಇದೇ ರೂಢಿಯಾಗಿಬಿಡುತ್ತದೆ’ ಎಂದು ಬರೆಯುತ್ತೇನೆ.

ಕನ್ನಡದಲ್ಲೇ ವಾದ ಮಂಡಿಸುವ ವಕೀಲರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ಕೆಳ ಕೋರ್ಟುಗಳಲ್ಲಿ ನೀವು ಬಾಯಿಮಾತಿನಲ್ಲಿ ಯಾವ ಪದ ಬಳಸುತ್ತೀರಿ? ‘ಹಿಂದಿನ ತೀರ್ಪು’ ಅಂದರೆ ನ್ಯಾಯಾಧೀಶರಿಗೆ ಆ ಬಲವೂ ಸೇರಿ ಅರ್ಥವಾಗುತ್ತದೆಯೇ?