ಕಂದು ಕರಡಿ ಅಷ್ಟು ತಿಂಗಳು ಮಲಗಿದ್ರೂ ಆರೋಗ್ಯ ಕೆಡಲ್ವಲ್ಲ, ಹೇಗೆ?

ಬೆಟ್ಟದಹುಲ್ಲು:
ಎಲ್ರಿಗೂ ನಮಸ್ಕಾರ. ಕಂದು ಕರಡಿಗಳ ಬಗ್ಗೆ ಓದ್ತಾ ಇದೀನಿ, ಒಂದು ವಿಷಯ ಬಿಟ್ಟೂ ಬಿಡದೆ ಕಾಡ್ತಿದೆ. ಐದಾರು ತಿಂಗಳು ಗವಿ ಒಳಗೆ ಮಲಗಿರುತ್ತೆ, ಊಟ ಇಲ್ಲ ನೀರಿಲ್ಲ, ಮಲಮೂತ್ರ ಕೂಡ ಇಲ್ಲ, ಆದ್ರೂ ವಸಂತ ಬಂದಾಗ ಎದ್ದು ನಡ್ಕೊಂಡು ಹೋಗುತ್ತೆ. ನಾವು ಆಪರೇಷನ್ ಆಗಿ ನಾಲ್ಕು ದಿನ ಹಾಸಿಗೆ ಹಿಡಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂತ ಡಾಕ್ಟ್ರು ಇಂಜೆಕ್ಷನ್ ಕೊಡ್ತಾರೆ, ಇದಕ್ಕೆ ಯಾಕೆ ಏನೂ ಆಗಲ್ಲ? ಇನ್ನೊಂದು, ಜಗತ್ತಲ್ಲಿ ಸುಮಾರು 2 ಲಕ್ಷ ಕಂದು ಕರಡಿ ಇವೆ, ಅಪಾಯ ಏನಿಲ್ಲ ಅಂತ ಒಂದು ಕಡೆ, ಅಳಿವಿನ ಅಂಚಲ್ಲಿದೆ ಅಂತ ಇನ್ನೊಂದು ಕಡೆ. ಯಾವ್ದು ಸರಿ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ನಾಡಿಮಿಡಿತ:
ರಕ್ತದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರಾ ಇತ್ತೀಚೆಗೆ, 2023ರಲ್ಲಿ. ಸ್ವೀಡನ್ ಕಾಡಲ್ಲಿ ರೇಡಿಯೋ ಕಾಲರ್ ಹಾಕಿರೋ ಕರಡಿಗಳಿಂದ ಚಳಿಗಾಲದಲ್ಲಿ ಒಂದ್ಸಲ, ಅವೇ ಕರಡಿಗಳಿಂದ ಬೇಸಿಗೇಲಿ ಇನ್ನೊಂದ್ಸಲ ರಕ್ತ ತೆಗೆದು ಹೋಲಿಸಿದ್ರು. ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ ಕಣಗಳ ಮೇಲೆ ಎಚ್‌ಎಸ್‌ಪಿ47 ಅಂತ ಒಂದು ಪ್ರೋಟೀನ್ ಇರುತ್ತೆ, ಚಳಿಗಾಲದ ರಕ್ತದಲ್ಲಿ ಅದು ಹೆಚ್ಚುಕಡಿಮೆ ಇಲ್ವೇ ಇಲ್ಲ ಅನ್ನೋ ಮಟ್ಟಕ್ಕೆ ಇಳಿದಿತ್ತು. ಅದು ಕಮ್ಮಿ ಆದ್ರೆ ಹೆಪ್ಪುಗಟ್ಟೋ ಪ್ರಕ್ರಿಯೆ ಮಂದ ಆಗುತ್ತೆ. ನಂಗೆ ತುಂಬಾ ಹಿಡಿಸಿದ್ದು ಏನಂದ್ರೆ ಬೆನ್ನುಹುರಿಗೆ ಪೆಟ್ಟಾಗಿ ವರ್ಷಗಟ್ಟಲೆ ಓಡಾಡದೆ ಇರೋ ಮನುಷ್ಯರಲ್ಲೂ ಇದೇ ಪ್ರೋಟೀನ್ ಇಳಿದಿರುತ್ತೆ. ಅಂದ್ರೆ ಅಪಾಯ ಜಾಸ್ತಿ ಇರೋದು ದಿಢೀರ್ ಅಂತ ಹಾಸಿಗೆ ಹಿಡಿದ ಮೊದಲ ದಿನಗಳಲ್ಲಿ, ದೀರ್ಘಕಾಲ ಹಾಗೇ ಇದ್ರೆ ದೇಹ ಹೊಂದಿಕೊಳ್ಳುತ್ತೆ.

ಉಳಿದಿದ್ದೂ ಕಮ್ಮಿ ಅಲ್ಲ. ಮೈ ಬಿಸಿ ಇಳಿಯೋದು ನಾಲ್ಕೈದು ಡಿಗ್ರಿ ಅಷ್ಟೆ, ಎದೆಬಡಿತ ಮಾತ್ರ ನಿಮಿಷಕ್ಕೆ 10ರ ಆಸುಪಾಸಿಗೆ ಬರುತ್ತೆ. ಮೂತ್ರದಲ್ಲಿ ಹೋಗಬೇಕಿದ್ದ ಯೂರಿಯಾದ ನೈಟ್ರೋಜನ್ ವಾಪಸ್ ಪ್ರೋಟೀನ್ ಆಗುತ್ತೆ, ಅದಕ್ಕೇ ಸ್ನಾಯು ಹೆಚ್ಚು ಸವೆಯಲ್ಲ. ಚಳಿಗಾಲ ಪೂರ್ತಿ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸಲ್ಲ, ಎದ್ದ ಮೇಲೆ ಅದೂ ತಾನಾಗೇ ಸರಿಹೋಗುತ್ತೆ. ಸಕ್ಕರೆ ಕಾಯಿಲೆ ಸಂಶೋಧಕರು ಈ ಪ್ರಾಣಿ ಹಿಂದೆ ಬಿದ್ದಿರೋದು ಇದಕ್ಕೇ.

ಹಣ್ಣುಪೊದೆ:
ಮೇಲೆ ಹೇಳಿದ್ದೆಲ್ಲ ನಿಜ, ಆದ್ರೆ ಅದೆಲ್ಲ ನಡೆಯೋಕೆ ಒಂದು ಷರತ್ತಿದೆ, ಅದನ್ನ ಯಾರೂ ಒತ್ತಿ ಹೇಳಲ್ಲ: ಮಲಗೋ ಮುಂಚೆ ಸಾಕಷ್ಟು ಕೊಬ್ಬು ಬೆಳೆಸಿಕೊಂಡಿರ್ಬೇಕು. ಹೆಣ್ಣು ಕರಡಿದು ನೋಡಿ, ಮೇ-ಜುಲೈಲಿ ಕೂಡುತ್ತೆ, ಭ್ರೂಣ ಮಾತ್ರ ಗರ್ಭಕೋಶಕ್ಕೆ ಅಂಟಿಕೊಳ್ಳದೆ ನವೆಂಬರ್ ಹತ್ತಿರ ಬರೋವರೆಗೂ ಸುಮ್ನೆ ತೇಲ್ತಾ ಇರುತ್ತೆ. ಶರತ್ಕಾಲದಲ್ಲಿ ಮೈಲಿ ಕೊಬ್ಬು ಸಾಲದೆ ಇದ್ರೆ ಮರಿಯೇ ಆಗಲ್ಲ. ಸಾಕಷ್ಟಿದ್ರೆ ಜನವರಿಲಿ ಗವಿ ಒಳಗೇ ಅರ್ಧ ಕೆಜಿಯ ಮರಿ ಹುಟ್ಟುತ್ತೆ, ತಾಯಿ ತಾನು ಏನೂ ತಿನ್ನದೆ ಹಾಲು ಕುಡಿಸುತ್ತೆ.

ಹಾಗಾಗಿ ಕರಡಿ ಉಳಿಸೋದು ಅಂದ್ರೆ ಅದರ ಶರತ್ಕಾಲದ ಊಟ ಉಳಿಸೋದು ಅಂತ ನನ್ನ ಬಲವಾದ ನಂಬಿಕೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ್ದೇ ತಗೊಳ್ಳಿ. ಅಲ್ಲಿ ಕರಡಿಗಳು ಎಷ್ಟೋ ವರ್ಷ ಕಸದ ಗುಂಡಿಗಳ ಮೇಲೆ ಬದುಕಿದ್ವು, 1970ರ ಸುಮಾರಿಗೆ ಗುಂಡಿಗಳನ್ನ ಮುಚ್ಚಿದಾಗ ಹಸಿದ ಕರಡಿಗಳು ಕ್ಯಾಂಪ್‌ಗಳಿಗೆ ನುಗ್ಗಿ ತುಂಬಾ ಸತ್ತವು, 1975ರಲ್ಲಿ ಕಾನೂನಿನ ರಕ್ಷಣೆ ಕೊಡ್ಬೇಕಾಯ್ತು. ಆಮೇಲೆ ಕಾಡಿನ ಊಟಕ್ಕೆ ಮರಳಿ ಈಗ ಅಲ್ಲಿ ಸುತ್ತಮುತ್ತ ಸಾವಿರದ ಹತ್ತಿರ ಇವೆ. ಬೆಟ್ಟದ ತುದಿ ಕಲ್ಲುರಾಶಿ ಮಗುಚಿ ಅಡಗಿರೋ ಪತಂಗಗಳನ್ನ ತಿಂತವೆ, ಒಂದೇ ದಿನಕ್ಕೆ 40 ಸಾವಿರದವರೆಗೆ! ಆದ್ರೆ ಅಲ್ಲೇ ವೈಟ್‌ಬಾರ್ಕ್ ಪೈನ್ ಮರಗಳು ಶಿಲೀಂಧ್ರ ರೋಗ, ಜೀರುಂಡೆ ಎರಡಕ್ಕೂ ಸಿಕ್ಕಿ ಸಾಯ್ತಿವೆ, ಅದರ ಬೀಜ ಕರಡಿಗೆ ಒಳ್ಳೆ ಕೊಬ್ಬಿನ ಊಟ ಆಗಿತ್ತು.

ಅಲಾಸ್ಕಾದ ಕೋಡಿಯಾಕ್ ದ್ವೀಪದ ಕಥೆ ಬೇರೆ. 2014ರಲ್ಲಿ ಸೆಕೆ ಜಾಸ್ತಿ ಆಗಿ ಎಲ್ಡರ್‌ಬೆರಿ ಬೇಗ ಹಣ್ಣಾಯ್ತು, ಸರಿಯಾಗಿ ಸಾಲ್ಮನ್ ಮೀನು ಹೊಳೆಗೆ ಬರೋ ಹೊತ್ತಿಗೇ. ಕರಡಿಗಳು ಮೀನು ಬಿಟ್ಟು ಹಣ್ಣಿಗೆ ಹೋದ್ವು. ಅವು ಮೀನು ಹಿಡಿದು ದಡದಾಚೆ ಒಯ್ದು ಅರ್ಧಂಬರ್ಧ ತಿಂದು ಬಿಟ್ರೆ ತಾನೆ ಸಮುದ್ರದ ನೈಟ್ರೋಜನ್ ಕಾಡಿನ ಮಣ್ಣಿಗೆ ಸೇರೋದು, ಆ ವರ್ಷ ಅದೇ ಕಮ್ಮಿ ಆಗ್ಬಿಡುತ್ತೆ.

ಬೆಟ್ಟದಹುಲ್ಲು:
ಅಬ್ಬಾ, ಇಬ್ರಿಗೂ ಥ್ಯಾಂಕ್ಸ್. @ಹಣ್ಣುಪೊದೆ, ಹಾಗಾದ್ರೆ ವರ್ಷಪೂರ್ತಿ ಊಟ ಸಿಕ್ರೆ ಮಲಗೋದೇ ಇಲ್ವಾ?

ಹಣ್ಣುಪೊದೆ:
ಹೌದು ರೀ, ಮೃಗಾಲಯದಲ್ಲಿ ದಿನಾ ಊಟ ಹಾಕ್ತಾ ಇದ್ರೆ ಎಷ್ಟೋ ಕರಡಿಗಳು ಸರಿಯಾಗಿ ಮಲಗಲ್ಲ. ಕೋಡಿಯಾಕ್‌ನಲ್ಲೂ ಕೆಲವು ಗಂಡು ಕರಡಿಗಳು ಇಡೀ ಚಳಿಗಾಲ ಓಡಾಡ್ಕೊಂಡೇ ಇರ್ತವೆ. ಬಸುರಿ ಹೆಣ್ಣು ಮಾತ್ರ ಗವಿ ಸೇರಲೇಬೇಕು.

ಗಡಿಯಾಚೆ:
2 ಲಕ್ಷದ ಲೆಕ್ಕಕ್ಕೆ ಬರ್ತೀನಿ. ಒಟ್ಟು ಸಂಖ್ಯೆ ಸರಿನೇ, ಅದರಲ್ಲಿ ಬಹುಪಾಲು ರಷ್ಯಾದಲ್ಲಿದೆ. ಆದ್ರೆ ಆ ಒಟ್ಟು ಲೆಕ್ಕ ನೋಡ್ಕೊಂಡು ಸಮಾಧಾನ ಪಟ್ಕೊಂಡ್ರೆ ಸಣ್ಣ ಗುಂಪುಗಳು ಕಣ್ಣೆದುರೇ ಹೋಗ್ಬಿಡ್ತವೆ. ಹಿಮಾಲಯದ ಕಂದು ಕರಡಿ ದ್ರಾಸ್, ಜಂಸ್ಕಾರ್ ಥರದ ಎತ್ತರದ ಜಾಗಗಳಲ್ಲಿ ಚದುರಿ ಹೋಗಿದೆ. ಇಟಲಿಯ ಅಬ್ರುಝೋದ ಮಾರ್ಸಿಕನ್ ಕರಡಿಗಳು 50-60 ಇದ್ರೆ ಹೆಚ್ಚು.

ಆ ಅಬ್ರುಝೋದಲ್ಲಿ ಅಮರೇನಾ ಅಂತ ಹೆಸರಿಟ್ಟಿದ್ದ ಒಂದು ತಾಯಿ ಕರಡಿ 2020ರಲ್ಲಿ ಒಂದೇ ಸೂಲಿಗೆ ನಾಲ್ಕು ಮರಿ ಸಾಕಿತ್ತು, ಅಷ್ಟು ಸಣ್ಣ ಗುಂಪಿಗೆ ಅದು ಎಷ್ಟು ದೊಡ್ಡದು ಯೋಚ್ನೆ ಮಾಡಿ. ಆ ಮರಿಗಳಲ್ಲಿ ಒಂದು, ಹುವಾನ್ ಕರೀಟೊ, ಊರೊಳಗೆ ತಿನ್ನೋದು ಕಲಿತು ಬೇಕರಿಗೂ ನುಗ್ಗಿತ್ತು, 2023ರ ಜನವರಿಲಿ ರಸ್ತೆ ದಾಟ್ತಾ ಕಾರಿಗೆ ಸಿಕ್ಕಿ ಸತ್ತುಹೋಯ್ತು. ಅದೇ ಆಗಸ್ಟ್‌ಲಿ ತಾಯಿಯನ್ನ ಗುಂಡಿಟ್ಟು ಕೊಂದ್ರು. ಓದಿದಾಗ ತುಂಬಾ ಸಂಕಟ ಆಯ್ತು ನಂಗೆ.

ಸಂಖ್ಯೆ ಚೆನ್ನಾಗಿರೋ ಕಡೆಯೂ ಲೆಕ್ಕ ಬೇಗ ತಪ್ಪುತ್ತೆ. ಸ್ವೀಡನ್‌ನಲ್ಲಿ 2008ರ ಹೊತ್ತಿಗೆ ಸುಮಾರು 3300 ಇದ್ವು, 2022ಕ್ಕೆ 2450ರ ಸುಮಾರು ಅಂದಾಜು, ಮರುವರ್ಷ 2023ರಲ್ಲಿ ಬೇಟೆಲಿ 700ಕ್ಕೂ ಹೆಚ್ಚು ಹೋದ್ವು. ಹೆಣ್ಣು ಮೊದಲ ಸಲ ಮರಿ ಹಾಕೋದೇ ನಾಲ್ಕೈದು ವರ್ಷ ಆದ್ಮೇಲೆ, ಆಮೇಲೂ ಎರಡು ಮೂರು ವರ್ಷಕ್ಕೊಮ್ಮೆ. ಮರಿ ಜೊತೆಗಿರೋ ತಾಯಿಯನ್ನ ಅಲ್ಲಿ ಕಾನೂನು ಪ್ರಕಾರ ಹೊಡೆಯೋ ಹಾಗಿಲ್ಲ, ಅದರಿಂದ ಏನಾಗಿದೆ ಅಂದ್ರೆ ಮರಿಗಳನ್ನ ಒಂದೂವರೆ ವರ್ಷಕ್ಕೇ ಬಿಡ್ತಿದ್ದ ತಾಯಂದಿರ ಬದಲು ಎರಡೂವರೆ ವರ್ಷ ಇಟ್ಕೊಳ್ಳೋ ತಾಯಂದಿರೇ ಹೆಚ್ಚು ಉಳ್ಕೊಳ್ತಿದಾವೆ. ಜೀವ ಉಳಿಯುತ್ತೆ, ಮುಂದಿನ ಸೂಲು ಮಾತ್ರ ಒಂದು ವರ್ಷ ತಡ.