ಅಪ್‌ಡೇಟ್: ಎರಡು ಬಲಗಳ ಲೆಕ್ಕ ಕೊನೆಗೂ ಸರಿಹೋಯಿತು

ಎಕ್ಸ್ ಅಕ್ಷದಿಂದ 30° ಕೋನದಲ್ಲಿ 10 ನ್ಯೂಟನ್, 120° ಕೋನದಲ್ಲಿ 8 ನ್ಯೂಟನ್ ಬಲವಿದ್ದರೆ ಫಲಿತ ಬಲ (ಎರಡೂ ಸೇರಿದ ಒಟ್ಟು ಬಲ) ನನಗೇಕೆ 17.4 ಬರುತ್ತಿದೆ ಎಂದು ಕಳೆದ ವಾರ ಕೇಳಿದ್ದೆನಲ್ಲ? ಸರಿಯುತ್ತರ 12.8 ನ್ಯೂಟನ್, ಕೋನ ಸುಮಾರು 69°.

ಕ್ಯಾಲ್ಕುಲೇಟರ್ ಡಿಗ್ರಿಯಲ್ಲೇ ಇತ್ತು, ದೋಷ ಅದರದ್ದಲ್ಲ. ಗ್ರಾಫ್ ಹಾಳೆಯಲ್ಲಿ ಅಳೆದಾಗ 13ರ ಹತ್ತಿರ ಬಂದಿತು, ಆದರೆ ತಪ್ಪು ಎಲ್ಲಿದೆಯೆಂದು ತಿಳಿಯಲಿಲ್ಲ. ಕೈಹಿಡಿದದ್ದು, ಪ್ರತಿ ಬಲದ ಅಡ್ಡ (ಎಕ್ಸ್) ಮತ್ತು ಲಂಬ (ವೈ) ಘಟಕಗಳನ್ನು ಚಿಹ್ನೆ ಸಮೇತ ಕೋಷ್ಟಕದಲ್ಲಿ ಬರೆಯಿರಿ ಎಂಬ ಸಲಹೆ. ಎಕ್ಸ್ ಕಾಲಮ್ಮಿನಲ್ಲಿ 8.66ರ ಕೆಳಗೆ 4 ಎಂದು ಬರೆಯುವಾಗಲೇ ಪೆನ್ನು ನಿಂತಿತು: ಎರಡನೆಯ ಬಲ ಎಡಕ್ಕೆ ಎಳೆಯುತ್ತಿದೆ, ಅದು −4! ನಾನು 120°ಯ ಬದಲು 60° (180° − 120°) ಹಿಡಿದು ಋಣ ಚಿಹ್ನೆಯನ್ನೇ ಬಿಟ್ಟಿದ್ದೆ. ಎಕ್ಸ್ ಮೊತ್ತ 4.66, ವೈ ಮೊತ್ತ 11.93.

ಇನ್ನೊಂದು ಅಚ್ಚರಿ: ಎರಡು ಬಲಗಳ ನಡುವಿನ ಕೋನ ಸರಿಯಾಗಿ 90°. √(10² + 8²) ಎಂದರೂ ಅದೇ 12.8! ಕೋಷ್ಟಕ ಸೂಚಿಸಿದವರಿಗೆ ತುಂಬು ಹೃದಯದ ಧನ್ಯವಾದಗಳು.