‘ಐ ಹರ್ಡ್ ಇಟ್ ಥ್ರೂ ದ ಗ್ರೇಪ್‌ವೈನ್’: ಮೂಲ ಯಾರದು?

ಸವೆದಸೂಜಿ:
ಅಮೆರಿಕದ ಗಾಯಕ ಮಾರ್ವಿನ್ ಗೇ ಹಾಡಿರುವ ಈ ಹಾಡೇ ಮೂಲವೆಂದು ಇಷ್ಟು ವರ್ಷ ನಂಬಿದ್ದೆ. ಈಚೆಗೆ ಗ್ಲಾಡಿಸ್ ನೈಟ್ ಆ್ಯಂಡ್ ದ ಪಿಪ್ಸ್ ತಂಡದ ಸಿಂಗಲ್ (ಬಿಡಿಹಾಡಿನ ರೆಕಾರ್ಡ್) ಕೇಳಿದೆ. ಅದು 1967ರದ್ದು, ಗೇ ಅವರದು 1968ರದ್ದು. ಎರಡನ್ನೂ ಹೊರತಂದದ್ದು ಡೆಟ್ರಾಯಿಟ್‌ನ ಮೋಟೌನ್ ಸಂಸ್ಥೆಯೇ. ಒಂದೇ ಸಂಸ್ಥೆ ಒಂದೇ ಹಾಡನ್ನು ವರ್ಷದ ಅಂತರದಲ್ಲಿ ಎರಡು ಸಲ ಬಿಟ್ಟು ಎರಡು ಸಲವೂ ಗೆದ್ದದ್ದು ಹೇಗೆ? ಹಾಗಾದರೆ ಗೇ ಅವರದನ್ನು ಮರುಗಾಯನ ಎನ್ನಬೇಕೆ? ಅಲ್ಲದೆ, ಅವರ ಜೊತೆಗಾಯಕಿ ಟಾಮಿ ಟೆರೆಲ್ ಅವರ ಕಾಯಿಲೆಯ ಸಂಕಟವೇ ಆ ದನಿಯಲ್ಲಿ ಕೇಳಿಸುತ್ತದೆ ಎನ್ನುವ ಮಾತು ನಿಜವೇ?

ಎರಡನೇಬದಿ:
ಮರುಗಾಯನ ಎನ್ನಲಾಗದು, ಏಕೆಂದರೆ ಈ ಹಾಡಿನ ಮಟ್ಟಿಗೆ ಧ್ವನಿಮುದ್ರಣದ ಕ್ರಮ ಒಂದು, ಬಿಡುಗಡೆಯ ಕ್ರಮ ಇನ್ನೊಂದು. ಮೋಟೌನ್‌ನ ಧ್ವನಿಮುದ್ರಣ ನಿರ್ಮಾಪಕ ನಾರ್ಮನ್ ವಿಟ್‌ಫೀಲ್ಡ್ ಮತ್ತು ಬ್ಯಾರೆಟ್ ಸ್ಟ್ರಾಂಗ್ ಸೇರಿ ರಚಿಸಿದ ಇದನ್ನು 1966ರಲ್ಲಿ ಮೊದಲು ಹಾಡಿದವರು ಸ್ಮೋಕಿ ರಾಬಿನ್ಸನ್ ಅವರ ಮಿರಾಕಲ್ಸ್ ತಂಡದವರು. ಗೇ ಅವರ ಧ್ವನಿಮುದ್ರಣ 1967ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕಂತುಕಂತಾಗಿ ನಡೆಯಿತು. ಸಂಸ್ಥೆಯ ಒಡೆಯ ಬೆರಿ ಗಾರ್ಡಿ ಎರಡಕ್ಕೂ ಒಪ್ಪಿಗೆ ಕೊಡದೆ ಮೂಲೆಗೆ ಸರಿಸಿದರು. ವಿಟ್‌ಫೀಲ್ಡ್ ಮಾತ್ರ ಪಟ್ಟು ಬಿಡಲಿಲ್ಲ. ಅದೇ ಹಾಡಿನ ಲಯವನ್ನು ಚುರುಕುಗೊಳಿಸಿ, ಗಾಯಕಿ ಅರೀತಾ ಫ್ರಾಂಕ್ಲಿನ್ ಆ ವರ್ಷ ಎಬ್ಬಿಸಿದ್ದ ಅಲೆಗೆ ಸರಿಗಟ್ಟುವಂತೆ, ಚರ್ಚಿನ ಗಾಯನದ ಕಾವನ್ನು ತುಂಬಿ ಗ್ಲಾಡಿಸ್ ನೈಟ್ ಅವರಿಂದ ಹಾಡಿಸಿದರು. ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಆ ಸಿಂಗಲ್ ಸಂಗೀತ ಪತ್ರಿಕೆ ಬಿಲ್‌ಬೋರ್ಡ್‌ನ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಪಟ್ಟಿಯಲ್ಲಿ ಮೊದಲ ಸ್ಥಾನವನ್ನೂ ಎಲ್ಲ ಬಗೆಯ ಜನಪ್ರಿಯ ಹಾಡುಗಳ ಪಟ್ಟಿಯಾದ ಹಾಟ್ 100ರಲ್ಲಿ ಎರಡನೆಯ ಸ್ಥಾನವನ್ನೂ ಪಡೆಯಿತು.

ಅಲ್ಲಿಗೆ ಕಥೆ ಮುಗಿದಂತೆಯೇ ಇತ್ತು. ಗೇ ಅವರ ಧ್ವನಿಮುದ್ರಣ 1968ರ ಆಗಸ್ಟ್‌ನಲ್ಲಿ ‘ಇನ್ ದ ಗ್ರೂವ್’ ಆಲ್ಬಂನ ಹಲವು ಹಾಡುಗಳ ನಡುವೆ ಒಂದಾಗಿ ಹೊರಬಂತು. ಅದನ್ನು ಹೆಕ್ಕಿ ತೆಗೆದವರು ರೇಡಿಯೊ ನಿರೂಪಕರು. ಅವರು ಮತ್ತೆ ಮತ್ತೆ ಹಾಕಿದ್ದರಿಂದಲೇ ಅಕ್ಟೋಬರ್ ಕೊನೆಯಲ್ಲಿ ಸಂಸ್ಥೆ ಅದನ್ನು ಸಿಂಗಲ್ ಆಗಿ ಬಿಡಬೇಕಾಯಿತು. ಡಿಸೆಂಬರ್ 14ರಂದು ಹಾಟ್ 100ರ ಮೊದಲ ಸ್ಥಾನಕ್ಕೆ ಬಂದದ್ದು ಏಳು ವಾರ ಕದಲಲಿಲ್ಲ. 1969ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲೂ ಮೊದಲ ಸ್ಥಾನ ಅದರದೇ ಆಯಿತು.

ಮಂದ್ರಸ್ಥಾಯಿ:
ಟೆರೆಲ್ ಅವರ ವಿಷಯದಲ್ಲಿ ತಾರೀಖುಗಳೇ ಉತ್ತರ ಹೇಳುತ್ತವೆ. ಅವರು ವೇದಿಕೆಯ ಮೇಲೆ ಕುಸಿದದ್ದು 1967ರ ಅಕ್ಟೋಬರ್‌ನಲ್ಲಿ. ಗೇ ಈ ಹಾಡನ್ನು ಹಾಡಿ ಮುಗಿಸಿ ಆಗಲೇ ಆರು ತಿಂಗಳಾಗಿತ್ತು. ಆ ದನಿಯ ಒತ್ತಡಕ್ಕೆ ಕಾರಣ ಶ್ರುತಿ. ಗೇ ಅವರಿಗೆ ಸಲೀಸಾದ ಸ್ಥಾಯಿಗಿಂತ ಮೇಲಿನ ಶ್ರುತಿಯಲ್ಲಿ ಹಾಡಬೇಕೆಂದು ವಿಟ್‌ಫೀಲ್ಡ್ ಹಟ ಹಿಡಿದರು, ಅದರ ಮೇಲೆ ಇಬ್ಬರಿಗೂ ಜಟಾಪಟಿಯಾಯಿತು. ಮೇಲಿನ ಸ್ವರಕ್ಕೆ ಎಟುಕುವಾಗ ದನಿ ಸೀಳುವಂತಾಗುವುದನ್ನೂ, ಮರುಕ್ಷಣವೇ ಅದು ಗಂಟಲಿನೊಳಗೆ ಇಳಿದು ತಗ್ಗುವುದನ್ನೂ ಕೇಳಿ ನೋಡಿ.

ಆರಂಭವನ್ನಂತೂ ಒಮ್ಮೆ ದೀಪ ಆರಿಸಿಯೇ ಕೇಳಬೇಕು. ಎಲೆಕ್ಟ್ರಿಕ್ ಪಿಯಾನೊದ ನಾಲ್ಕಾರು ಸ್ವರಗಳು ಕಳ್ಳಹೆಜ್ಜೆಯಲ್ಲಿ ಬರುತ್ತವೆ, ಡ್ರಮ್ ಎದೆಬಡಿತದಂತೆ ಜೊತೆಗೂಡುತ್ತದೆ, ಡೆಟ್ರಾಯಿಟ್ ಸಿಂಫನಿ ಆರ್ಕೆಸ್ಟ್ರಾದ ವಾದಕರು ನುಡಿಸಿದ ಪಿಟೀಲುಗಳು ಅದರ ಮೇಲೆ ಹರಡಿಕೊಳ್ಳುತ್ತವೆ. ನೈಟ್ ಅವರ ಹಾಡಿನಲ್ಲಿ ಮೋಸ ಹೋದವಳು ಎದುರಿಗೆ ನಿಂತು ಜಗಳ ತೆಗೆಯುತ್ತಾಳೆ. ಇಲ್ಲಿ ಮೋಸ ಹೋದವನು ರಾತ್ರಿಯೆಲ್ಲ ಒಬ್ಬನೇ ಅದನ್ನೇ ಮೆಲುಕು ಹಾಕುತ್ತಾನೆ. ಇದನ್ನು ತಡೆಹಿಡಿದ ಗಾರ್ಡಿ ಅವರಿಗೆ ಕಿವಿ ಇರಲಿಲ್ಲವೆನ್ನುವುದು ಅನ್ಯಾಯವಾದೀತು. ಅದುವರೆಗಿನ ಮೋಟೌನ್ ಹಾಡುಗಳ ಲವಲವಿಕೆಯ ಪಕ್ಕದಲ್ಲಿ ಇದು ನಿಜಕ್ಕೂ ಒಂಟಿ ಪ್ರಾಣಿ.

ಎರಡನೇಬದಿ:
ಆ ಕೊನೆಯ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ತಮ್ಮ ಸಂಸ್ಥೆಯ ಅಚ್ಚಿಗೆ ಹೊಂದದ್ದನ್ನೆಲ್ಲ ಅನುಮಾನಿಸುವುದು ಗಾರ್ಡಿ ಅವರ ಅಭ್ಯಾಸವೇ ಆಗಿತ್ತು, ಮತ್ತು 1968ರ ಕೊನೆಗೆ ಹಾಟ್ 100ರ ಮೊದಲ ಮೂರೂ ಸ್ಥಾನಗಳು ಮೋಟೌನ್ ಪಾಲಾದಾಗ ತುದಿಯಲ್ಲಿದ್ದದ್ದು ಅವರು ಬೇಡವೆಂದ ಈ ಹಾಡೇ.

ಸವೆದಸೂಜಿ:
ಇಬ್ಬರಿಗೂ ಕೃತಜ್ಞತೆಗಳು. ಪಲ್ಲವಿಯ ದ್ರಾಕ್ಷಿಬಳ್ಳಿಗೂ ಮೋಸಕ್ಕೂ ಏನು ಸಂಬಂಧ ಎನ್ನುವುದೊಂದು ತಿಳಿಯಲಿಲ್ಲ.

ಮಂದ್ರಸ್ಥಾಯಿ:
ನಾವು ಗಾಳಿಸುದ್ದಿ ಎನ್ನುವುದನ್ನೇ ಅಮೆರಿಕದಲ್ಲಿ ಬಳ್ಳಿಯ ಮೇಲೆ ಹರಿದುಬಂದ ಸುದ್ದಿ ಎನ್ನುತ್ತಾರೆ. ಟೆಲಿಗ್ರಾಫ್ ತಂತಿಗಳು ಬಂದ ಕಾಲದಲ್ಲಿ, ಅವನ್ನು ಬಿಟ್ಟು ಬಾಯಿಂದ ಬಾಯಿಗೆ ಸಾಗುವ ವರ್ತಮಾನಕ್ಕೆ ಈ ಹೆಸರು ಬಿತ್ತು. ಪ್ರಿಯತಮೆಯ ವಂಚನೆ ಅವಳ ಬಾಯಿಂದಲ್ಲ, ಊರವರ ಬಾಯಿಂದ ತಿಳಿಯಿತೆಂಬುದೇ ಹಾಡಿನ ಸಂಕಟ. 1986ರಲ್ಲಿ ಕ್ಯಾಲಿಫೋರ್ನಿಯಾದ ಒಣದ್ರಾಕ್ಷಿ ಬೆಳೆಗಾರರು ಆ ಬಳ್ಳಿಯನ್ನು ಅಕ್ಷರಶಃ ತೆಗೆದುಕೊಂಡು, ಜೇಡಿಯ ಒಣದ್ರಾಕ್ಷಿ ಬೊಂಬೆಗಳನ್ನು ಇದೇ ಹಾಡಿಗೆ ಕುಣಿಸಿ ಜಾಹೀರಾತು ಮಾಡಿದರು. ತಮಾಷೆಯಾಗಿತ್ತು, ಆದರೆ ಹಾಡಿನ ವಿಷ ಅದರಲ್ಲಿ ಉಳಿಯಲಿಲ್ಲ. ಅದಕ್ಕೂ ಮುಂಚೆ, 1970ರಲ್ಲಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ತಂಡ ಇದನ್ನು ಹನ್ನೊಂದು ನಿಮಿಷಗಳಿಗೆ ಎಳೆದಿತ್ತು. ಗಿಟಾರ್ ಪ್ರಿಯರಿಗೆ ಅದೇ ಹೆಚ್ಚು.

ಎರಡನೇಬದಿ:
ಹಳೆಯ ಎಲ್‌ಪಿ ಹುಡುಕುವುದಾದರೆ ಒಂದು ಎಚ್ಚರಿಕೆ: ಸಿಂಗಲ್ ಗೆದ್ದ ಮೇಲೆ ‘ಇನ್ ದ ಗ್ರೂವ್’ ಆಲ್ಬಂಗೆ ಈ ಹಾಡಿನ ಹೆಸರನ್ನೇ ಇಟ್ಟು ಮತ್ತೆ ಮಾರಿದರು. ಎರಡೂ ಒಂದೇ ಆಲ್ಬಂ, ಎರಡೆರಡು ಕೊಳ್ಳಬೇಡಿ. ಮಿರಾಕಲ್ಸ್ ಹಾಡಿದ್ದು ಬೇಕೆಂದರೆ ಅವರ 1968ರ ‘ಸ್ಪೆಷಲ್ ಒಕೇಶನ್’ ನೋಡಿ.